ತಂಗಡಿ ಕೇಳಿದರೆ ಬಾವಲಿ ಬಂತು

ನಾನು ಕನ್ನಡ ಪಾಠ ಹೇಳುವ ಶಾಲೆಯ ಪರೀಕ್ಷೆಗಳಲ್ಲಿ ‘ಹೋಲಿಸಿ ಬರೆಯಿರಿ’ ಎಂಬ ಪ್ರಶ್ನೆಯೊಂದು ಇದ್ದೇ ಇರುತ್ತದೆ. ನದಿ ಮತ್ತು ಕೆರೆ, ಹಳ್ಳಿ ಮತ್ತು ಪಟ್ಟಣ, ಇಂಥವು. ಮಕ್ಕಳು ಎರಡು ಸಾಲು ಬರೆದು, ಮೂರನೆಯದಕ್ಕೆ ಪೆನ್ನಿನ ತುದಿ ಕಚ್ಚುತ್ತಾ ಕೂರುತ್ತಾರೆ. ತಂಗಡಿ ಗಿಡವನ್ನೂ ಬಾವಲಿಯನ್ನೂ ಹೋಲಿಸಿ ಎಂದು ಕೊಟ್ಟರೆ ಟೀಚರ್‌ಗೆ ತಲೆ ಕೆಟ್ಟಿದೆ ಎಂದು ಮನೆಗೆ ಹೋಗಿ ಹೇಳುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಅವೆರಡೂ ಜೋಡಿ. ಒಂದರ ಹೆಸರೆತ್ತಿದರೆ ಇನ್ನೊಂದರ ಹೆಸರು ಬರುತ್ತದೆ, ಅದರ ಹಿಂದೆಯೇ ನಗು. ಆ ನಗುವಿನ ಒಳಗೆ ಏನಿತ್ತು ಎಂಬುದು ಪೂರ್ತಿಯಾಗಿ ಗೊತ್ತಾದದ್ದು ಈ ವರ್ಷ.

ನನ್ನ ತವರು ಕಾಮಸಮುದ್ರದ ಆಚೆ, ಆಂಧ್ರದ ಗಡಿಗೆ ಹತ್ತಿರದ ಒಂದು ಹಳ್ಳಿ. ಸ್ವಲ್ಪ ಹೊಲ, ಹಸು, ಡೈರಿಗೆ ಹಾಲು. ಮದುವೆಯಾಗಿ ಬಂದದ್ದು ಕೋಲಾರ ಚಿನ್ನದ ಗಣಿಯ ಉರಿಗಾಂನ ಲೈನ್ ಮನೆಗೆ. ಗಣಿ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಮನೆಗಳಿಗೆ ಇಲ್ಲಿ ಹಾಗೆ ಹೇಳುತ್ತಾರೆ. ನಡುವೆ ಇರುವುದು ಬಸ್ಸಿನಲ್ಲಿ ಒಂದು ನಿದ್ದೆ ತೆಗೆಯುವಷ್ಟು ದೂರ. ಅಷ್ಟರಲ್ಲೇ ಪದಗಳು ಬಟ್ಟೆ ಬದಲಾಯಿಸಿಬಿಡುತ್ತವೆ. ಹೊಲದ ಬದುವಿನಲ್ಲಿ ಹಳದಿ ಹೂ ಬಿಡುವ ಆ ಗಿಡ ನಮಗೆ ತಂಗಡಿ, ಪಕ್ಕದ ತೆಲುಗಿನವರಿಗೆ ತಂಗೇಡು, ಪುಸ್ತಕದಲ್ಲಿ ಆವರಿಕೆ, ನನ್ನ ಅತ್ತೆಯ ತಮಿಳಿನಲ್ಲಿ ಆವಾರಂಪೂ. ಬಾವಲಿಯೂ ಹಾಗೆಯೇ: ತೆಲುಗಿನಲ್ಲಿ ಗಬ್ಬಿಲಂ, ಅತ್ತೆಯ ಬಾಯಲ್ಲಿ ವವ್ವಾಲ್. ಆವಾರ, ವವ್ವಾಲ. ಮುಂದಿನ ಹಲ್ಲಿಲ್ಲದ ಬಾಯಿ, ಸಿಗ್ನಲ್ ನಿಲ್ಲದ ಫೋನು, ಆ ಕಡೆ ಹಸುವಿನ ಹಾಲು ಕರೆಯುತ್ತಾ ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡ ನನ್ನ ತಮ್ಮ. ಇಂಥದರಲ್ಲಿ ಒಂದು ಇನ್ನೊಂದಾಗಿ ಕೇಳಿಸಿದರೆ ತಪ್ಪೇನಿದೆ ಎಂದೇ ನಾನು ಕೇಳಿದವರ ಮುಂದೆಲ್ಲ ಬಹಳ ದಿನ ವಾದ ಮಾಡುತ್ತಿದ್ದೆ.

ಮಾವ ಗಣಿಯ ಒಳಗೆ ಇಳಿದು ದುಡಿದವರು. ಗಣಿ ಮುಚ್ಚಿತು, ಅದರ ಧೂಳು ಇವರ ಎದೆಯಲ್ಲಿ ಉಳಿಯಿತು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಬಾಗಿಲಿನಿಂದ ನಲ್ಲಿಯವರೆಗೆ ಹೋಗಲು ನಡುವೆ ಒಮ್ಮೆ ಗೋಡೆ ಹಿಡಿದು ನಿಲ್ಲುತ್ತಿದ್ದರು. ಬೇರೆಯವರು ದುಡ್ಡು ಉಳಿಸುವ ಹಾಗೆ ಇವರು ಉಸಿರು ಉಳಿಸುತ್ತಿದ್ದರು. ಕಾಫಿ ಬೇಕೆಂದರೆ ಕೇಳುತ್ತಿರಲಿಲ್ಲ, ಲೋಟ ಎತ್ತಿ ತೋರಿಸುತ್ತಿದ್ದರು. ಟಿವಿಯಲ್ಲಿ ಹಾಸ್ಯದ ದೃಶ್ಯ ಬಂತೆಂದರೆ ಎದ್ದು ಹೊರಗೆ ಬಂದು ಮಂಚದ ಮೇಲೆ ಕೂರುತ್ತಿದ್ದರು. ನಕ್ಕರೆ ಕೆಮ್ಮು, ಕೆಮ್ಮಿದರೆ ದಮ್ಮು, ದಮ್ಮು ಹತ್ತಿದರೆ ಪಂಪು. ಡಾಕ್ಟರು ಕೊಟ್ಟ ಆ ನೀಲಿ ಪಂಪು ಸದಾ ಅಂಗಿಯ ಜೇಬಿನಲ್ಲಿರುತ್ತಿತ್ತು. ನಗುವುದಕ್ಕೂ ಹೆದರುವ ಮನುಷ್ಯನನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಮೊದಮೊದಲು ಸಿಡುಕಿನ ಮನುಷ್ಯ ಎಂದುಕೊಂಡಿದ್ದೆ.

ಅತ್ತೆಗೆ ಪಂಪಿನ ಮೇಲೆ ನಂಬಿಕೆ ಇರಲಿಲ್ಲ. ಬಾಯೊಳಗೆ ಗಾಳಿ ಹೊಡೆದರೆ ಸೈಕಲ್ ಚಕ್ರ ಉಬ್ಬುತ್ತದೆ, ಮನುಷ್ಯ ಉಬ್ಬುತ್ತಾನಾ ಎಂದು ಕೇಳುತ್ತಿದ್ದರು. ಅವರ ನಂಬಿಕೆ ಎಲ್ಲ ಗಿಡಗಳ ಮೇಲೆ. ಮಾವನಿಗೆ ಸಕ್ಕರೆ ಕಾಯಿಲೆಯೂ ಇತ್ತಾದ್ದರಿಂದ ದಿನಾ ಬೆಳಗ್ಗೆ ಒಣಗಿಸಿದ ತಂಗಡಿ ಹೂವಿನ ಕಷಾಯ. ಹೂ ತಂದುಕೊಡುವುದು ನನ್ನ ತಮ್ಮನ ಕೆಲಸ. ಡೈರಿಗೆ ಹಾಲು ಹಾಕಿ, ಬಂಗಾರಪೇಟೆಗೆ ಹಸುವಿನ ಹಿಂಡಿಗೋ ಬೂಸಾಕ್ಕೋ ಬಂದಾಗ, ಬೈಕಿನ ಹ್ಯಾಂಡಲಿಗೆ ಒಂದು ಬಟ್ಟೆ ಚೀಲ ತೂಗುಹಾಕಿಕೊಂಡು ನಮ್ಮ ಮನೆವರೆಗೂ ಬಂದು ಹೋಗುತ್ತಿದ್ದ. ಅತ್ತೆ ಅವನಿಗೆ ನೇರವಾಗಿ ಫೋನ್ ಮಾಡುತ್ತಿದ್ದರು. ನನ್ನ ಕೈಲಿ ಹೇಳಿಸಿದರೆ ನಾನು ನಡುವೆ ಮೂಗು ತೂರಿಸುತ್ತೇನಂತೆ. ಸುಳ್ಳಲ್ಲ.

ಇನ್ನು ದಮ್ಮಿಗೆ ನಮ್ಮ ಕಡೆ ಹೇಳುವ ಔಷಧಿ ಬೇರೆ. ಬಾವಲಿಯ ಸಾರು. ಕನ್ನಡದವರು, ತೆಲುಗಿನವರು, ತಮಿಳಿನವರು ಬೇರೆ ಯಾವುದರಲ್ಲಿ ಜಗಳವಾಡಿದರೂ ಈ ಒಂದು ವಿಷಯದಲ್ಲಿ ಎಲ್ಲರದೂ ಒಂದೇ ಮಾತು. ಲೈನಿನ ಹೆಂಗಸರು ನಲ್ಲಿಯ ಹತ್ತಿರ ಸಿಕ್ಕಾಗಲೆಲ್ಲ ಅತ್ತೆಗೆ ಅದನ್ನೇ ಹೇಳುತ್ತಿದ್ದರು. ಅತ್ತೆ ಮಾವನ ಮುಂದೆ ಒಮ್ಮೆ ಬಾಯಿ ಬಿಟ್ಟದ್ದನ್ನು ನಾನೇ ಕಂಡಿದ್ದೇನೆ. ಮಾವ ಲೋಟ ಕೆಳಗಿಟ್ಟು, ಉಳಿಸಿಟ್ಟ ಉಸಿರನ್ನೆಲ್ಲ ಒಟ್ಟುಮಾಡಿಕೊಂಡು, ‘ಈ ಮನೇಲಿ ಅದರ ಮಾತು ಎತ್ತಬೇಡ’ ಎಂದರು. ಅತ್ತೆ ಮತ್ತೆ ಎತ್ತಲಿಲ್ಲ.

ಕಾರಣವನ್ನು ಮಾವ ನನಗೆ ಬಹಳ ಹಿಂದೆ, ಚೂರು ಚೂರಾಗಿ, ಒಂದು ವಾರ ಹಿಡಿದು ಹೇಳಿದ್ದರು. ಚಿಕ್ಕ ವಯಸ್ಸಿನಲ್ಲಿ ಹಳೆಯ ಸುರಂಗವೊಂದನ್ನು ನೋಡಿಕೊಂಡು ಬರಲು ಇವರನ್ನು ಕಳಿಸಿದ್ದರಂತೆ. ಹೆಚ್ಚು ಆಳದ್ದಲ್ಲ, ಆದರೆ ಕವಲು ಬಹಳ. ಎಲ್ಲೋ ತಪ್ಪು ಕವಲು ಹಿಡಿದು, ಬಂದ ದಾರಿ ಯಾವುದೆಂದು ಗೊತ್ತಾಗದೆ ಕೂತುಬಿಟ್ಟಿದ್ದರು. ತಲೆಯ ದೀಪ ಮಂಕಾಗುತ್ತಿತ್ತು. ಆಗ ಮುಖದ ಹತ್ತಿರವೇ ಒಂದು ಬಾವಲಿ ಹಾರಿ ಹೋಯಿತು, ಅದರ ಹಿಂದೆ ಇನ್ನೊಂದು, ಆಮೇಲೆ ಹಿಂಡು. ಎಲ್ಲವೂ ಒಂದೇ ಕಡೆಗೆ. ಸಂಜೆಯಾಗಿದೆ, ಹೊರಗೆ ಹೋಗುತ್ತಿವೆ ಎಂದು ಹೊಳೆಯಿತಂತೆ. ಅವು ಹೋದ ಕಡೆಗೆ ತೆವಳಿದಾಗ ಮೊದಲು ಗಾಳಿ ಸಿಕ್ಕಿತು, ಆಮೇಲೆ ಬೆಳಕು. ‘ಅವತ್ತಿಂದ ನನ್ನ ಉಸಿರು ಅದರದ್ದು’ ಎಂದಿದ್ದರು ಮಾವ. ನಮ್ಮ ಮನೆಯ ಸೂರಿನ ಸಂದಿಯಲ್ಲಿ ಬಾವಲಿ ಸೇರಿಕೊಂಡು ಗೋಡೆಯೆಲ್ಲ ಗಲೀಜಾದಾಗಲೂ ಓಡಿಸಲು ಬಿಡಲಿಲ್ಲ. ನಾನು ಗೊಣಗುತ್ತಾ ಗೋಡೆ ತಿಕ್ಕಿದ್ದೇನೆ.

ಅವತ್ತು ಭಾನುವಾರ. ನನ್ನ ಯಜಮಾನರು ಸಂಬಂಧಿಕರ ಮನೆಗೆ ಹೋಗಿದ್ದರು. ಮಧ್ಯಾಹ್ನದ ಊಟವಾಗಿ ಮಾವ ಹೊರಗೆ ಮಂಚದ ಮೇಲೆ ಕೂತಿದ್ದರು. ತಮ್ಮನ ಬೈಕು ಬಂತು. ಯಾವಾಗಲೂ ಹ್ಯಾಂಡಲಿಗೆ ತೂಗುವ ಚೀಲವನ್ನು ಅವತ್ತು ಎದೆಗೆ ಅವಚಿಕೊಂಡಿದ್ದ. ಅತ್ತೆ ಒಳಗಿನಿಂದ ಬೇಗ ಬಂದರು. ಆದರೆ ಮಾವ ಅವರಿಗಿಂತ ಮುಂಚೆ ಕೈ ಚಾಚಿದ್ದರು. ಹೂವಿನ ಚೀಲವೆಂದರೆ ತನ್ನದೇ ಅಲ್ಲವೇ, ಬಿಸಿಲಿಗೆ ಹರಡೋಣ ಎಂದು. ತಮ್ಮ ಕೊಡಲೂ ಆಗದೆ ಬಿಡಲೂ ಆಗದೆ ನಿಂತ. ಚೀಲ ತಾನಾಗಿಯೇ ಒಮ್ಮೆ ಅಲ್ಲಾಡಿತು.

‘ಏನ್ಲಾ ಅದು?’ ಎಂದೆ ನಾನು.

‘ಬಾವಲಿ ಕಣಕ್ಕ,’ ಎಂದ ತಮ್ಮ, ನೆಲ ನೋಡುತ್ತಾ. ‘ಅತ್ತೆ ಏಳಿದ್ರು.’

ಅತ್ತೆಯ ಮುಖ ಒಂದು ಕ್ಷಣ ಸುಣ್ಣ ಬಳಿದಂತಾಯಿತು. ಮರುಕ್ಷಣ ಎರಡೂ ಕೈ ತಲೆಯ ಮೇಲಿಟ್ಟುಕೊಂಡರು. ‘ಅಯ್ಯಯ್ಯೋ ತಂಬೀ! ಎನ್ನಾ ಇದು! ನಾನ್ ಆವಾರಂಪೂ ತಾ ಅಂದೆ. ಆವಾರಂ! ನಿನ್ನ ಕಿವಿಗೆ ವವ್ವಾಲ್ ಅಂತ ಕೇಳ್ಸಿತಾ?’

ತಮ್ಮ ತಲೆಯೆತ್ತಿ ಅತ್ತೆಯನ್ನು ನೋಡಿದ. ಆಮೇಲೆ ತಲೆ ಕೆರೆದುಕೊಂಡು, ‘ಅಂಗಾ ಅತ್ತೆ? ನಂಗೆ ವವ್ವಾಲು ಅಂತ್ಲೇ ಕೇಳಿಸ್ತು. ಆಳಾದ್ ಫೋನು,’ ಎಂದ.

ಮಾವ ನಕ್ಕರು. ಮೊದಲು ಭುಜ ಕುಣಿಯಿತು, ಆಮೇಲೆ ಸದ್ದು ಬಂತು. ಅಷ್ಟು ಜೋರಾಗಿ ಅವರು ನಕ್ಕದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ‘ಹೂವು ಕೇಳಿದ್ರೆ... ಬಾವಲಿ... ತಂದವ್ನೆ,’ ಎಂದು ಮಂಚ ತಟ್ಟಿ ತಟ್ಟಿ ನಕ್ಕರು. ಅವರು ನಕ್ಕದ್ದಕ್ಕೆ ನಾನು ನಕ್ಕೆ, ಎದುರು ಮನೆಯವರು ಬಂದು ನಕ್ಕರು, ಕೊನೆಗೆ ಅತ್ತೆಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಎದುರು ಮನೆಯಾಕೆ ಮಾತ್ರ ‘ಕೊರೊನಾ ಕೊರೊನಾ’ ಎಂದು ಮೂಗು ಮುಚ್ಚಿಕೊಂಡು ಹಿಂದೆ ಸರಿದಳು. ಅಷ್ಟರಲ್ಲಿ ಮಾವನ ನಗು ಕೆಮ್ಮಾಯಿತು, ಕೆಮ್ಮು ದಮ್ಮಾಯಿತು. ತುಟಿ ಕಪ್ಪಿಟ್ಟಿತು. ಪಂಪು ಒಮ್ಮೆ, ಮತ್ತೊಮ್ಮೆ. ಅತ್ತೆ ಬೆನ್ನು ನೀವುತ್ತಾ ‘ಯಾಕೆ ನಗಬೇಕಿತ್ತು, ಯಾಕೆ ನಗಬೇಕಿತ್ತು’ ಎಂದು ಗದರುತ್ತಲೇ ಇದ್ದರು.

ಉಸಿರು ಹಿಡಿತಕ್ಕೆ ಬಂದ ಮೇಲೆ ಮಾವ ಕೇಳಿದ ಮೊದಲ ಮಾತು, ‘ಜೀವ ಇದೆಯಾ ಅದಕ್ಕೆ?’ ಟವಲ್ಲಿನಲ್ಲಿ ಹಿಡಿದು ಮೆಲ್ಲಗೆ ಬಿಡಿಸಿ ನೋಡಿದೆವು. ನನ್ನ ಮುಷ್ಟಿಯೊಳಗೆ ಅಡಗುವಷ್ಟು ಚಿಕ್ಕದು. ಮೂಗಿನ ಮೇಲೆ ಎಲೆಯೊಂದನ್ನು ಮಡಚಿ ಅಂಟಿಸಿದಂತಿತ್ತು. ನಡುಗುತ್ತಿತ್ತು. ಮಾವ ಅದನ್ನು ಬಹಳ ಹೊತ್ತು ನೋಡಿದರು. ‘ಎಲ್ಲಿಂದ ತಂದೆಯೋ ಅಲ್ಲೇ ಬಿಡು. ಇಲ್ಲಿ ಬಿಟ್ಟರೆ ಅದಕ್ಕೆ ದಾರಿ ಗೊತ್ತಾಗಲ್ಲ,’ ಎಂದರು. ನನ್ನ ಕಡೆ ತಿರುಗಿ, ‘ನೀನೂ ಹೋಗಿ ಬಿಟ್ಟು ಬಾರಮ್ಮ’ ಎಂದರು.

ಹೀಗೆ ನಾನು ತಮ್ಮನ ಬೈಕಿನ ಹಿಂದೆ ಕೂತು, ತೊಡೆಯ ಮೇಲೆ ಬಾವಲಿ ಇಟ್ಟುಕೊಂಡು ತವರಿಗೆ ಹೊರಟೆ. ಬಂಗಾರಪೇಟೆ ರೈಲ್ವೆ ಗೇಟಿನಲ್ಲಿ ನಿಂತಾಗ ಪಕ್ಕದ ಸ್ಕೂಟರಿನವರು ಚೀಲ ನೋಡಿ ‘ಏನಮ್ಮಾ, ಕೋಳಿಮರಿಯಾ?’ ಎಂದು ಕೇಳಿದರು. ಹೂಂ ಎಂದೆ. ಚೀಲದೊಳಗೆ ಹಿಂದಿನ ವಾರದ ತಂಗಡಿ ಎಸಳುಗಳು ಉಳಿದಿದ್ದವು. ಆ ಒಣಹೂವಿನ ವಾಸನೆಯೊಳಗೆ ಬೆಚ್ಚಗಿನ ಒಂದು ಮಿಡಿತ ನನ್ನ ತೊಡೆಗೆ ತಾಕುತ್ತಿತ್ತು.

ನಮ್ಮೂರಿನ ಪಕ್ಕ ಒಂದು ದೊಡ್ಡ ಬಂಡೆಯಿದೆ. ಅದರ ಹೊಟ್ಟೆಯಲ್ಲಿ ಬಗ್ಗಿ ಹೋಗುವಷ್ಟು ಗವಿ. ಗವಿಯ ಬಾಯಿಗೆ ಅಡ್ಡವಾಗಿ ತಂಗಡಿ ಪೊದೆ. ತಮ್ಮ ಹೂ ಬಿಡಿಸುತ್ತಿದ್ದದ್ದೂ ಅಲ್ಲೇ, ಬಾವಲಿ ಹಿಡಿದದ್ದೂ ಅಲ್ಲೇ. ಸಂಜೆಯ ಬಿಸಿಲಿಗೆ ಪೊದೆಯೆಲ್ಲ ಬಂಗಾರದ ಬಣ್ಣ. ಚಿಕ್ಕಂದಿನಲ್ಲಿ ಇಲ್ಲೇ ಕುರಿ ಕಾದವಳು ನಾನು. ಅವತ್ತು ಮೊದಲ ಸಲ ಗಿಡವನ್ನೂ ಅದರ ಹಿಂದಿನ ಕತ್ತಲನ್ನೂ ಒಟ್ಟಿಗೆ ನೋಡಿದೆ. ಪರೀಕ್ಷೆಯ ಪ್ರಶ್ನೆ ತಲೆಯಲ್ಲಿತ್ತೋ ಏನೋ, ಮನಸ್ಸು ಹೋಲಿಸತೊಡಗಿತು. ತಂಗಡಿ ನಿಂತಲ್ಲೇ ನಿಲ್ಲುತ್ತದೆ. ಹಗಲಿಡೀ ದುಂಬಿಗಳು ತಾವಾಗಿ ಅದರ ಬಳಿ ಬರುತ್ತವೆ. ಬಾವಲಿ ಹಗಲಿಡೀ ಅಡಗಿದ್ದು ಸಂಜೆ ಹುಳು ಹುಡುಕಿಕೊಂಡು ಹೋಗುತ್ತದೆ. ತಂಗಡಿ ಬರಡು ನೆಲದಲ್ಲಿ ಎಲ್ಲೆಂದರಲ್ಲಿ ಏಳುತ್ತದೆ, ರೈಲು ಹಳಿಯ ಪಕ್ಕದಲ್ಲೂ ಗಣಿಯ ಮಣ್ಣಿನ ದಿಬ್ಬದಂಚಿನಲ್ಲೂ. ಕೋಲಾರದ ಬಂಡೆಗಳಲ್ಲಿರುವ ಎಲೆಮೂಗಿನ ಬಾವಲಿಯಲ್ಲಿ ಒಂದು ಜಾತಿ ಪ್ರಪಂಚದಲ್ಲಿ ಬೇರೆಲ್ಲೂ ಕಂಡಿಲ್ಲವೆಂದು ಎಲ್ಲೋ ಓದಿದ್ದೆ. ನನ್ನ ಚೀಲದಲ್ಲಿದ್ದದ್ದು ಅದೇನಾ, ಬೇರೆಯದಾ, ನನಗೆ ಗೊತ್ತಿಲ್ಲ.

ಒಂದರಲ್ಲಿ ಮಾತ್ರ ಎರಡೂ ಒಂದೇ ಎನ್ನಿಸಿತು. ದನ ತಂಗಡಿಗೆ ಬಾಯಿ ಹಾಕುವುದಿಲ್ಲ, ಬಾವಲಿಯನ್ನು ಯಾರೂ ಮನೆಗೆ ಕರೆಯುವುದಿಲ್ಲ. ಇವೆರಡನ್ನೂ ನಮ್ಮ ಜನ ನೆನೆಯುವುದು ಮೈ ಕೆಟ್ಟಾಗ. ಡಾಕ್ಟರು ಕೈಚೆಲ್ಲಿದ ಮೇಲೆ ಬಂಡೆಯ ಹತ್ತಿರ ಬರುತ್ತೇವೆ, ಒಂದರ ಹೂ ಕೀಳುತ್ತೇವೆ, ಇನ್ನೊಂದರ ಕತ್ತು ಮುರಿಯುತ್ತೇವೆ. ಗಿಡ ಮತ್ತೆ ಹೂ ಬಿಡುತ್ತದೆ. ನನಗೆ ಅಲ್ಲಿ ನಿಂತಾಗ ಸಿಟ್ಟೇ ಬಂತು, ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ಹತ್ತಿರವಿದ್ದವನು ತಮ್ಮ, ಅವನ ಮೇಲೆ ಹರಿಹಾಯ್ದೆ.

‘ಕತ್ತೆ ವಯಸ್ಸಾಯ್ತು, ಅಷ್ಟೂ ತಿಳಿಯಕ್ಕಿಲ್ವೇನ್ಲಾ? ಇಷ್ಟು ವರ್ಷ ಊವು ತಂದ್ಕೊಟ್ಟೋನ್ಗೆ ಆವಾರಂ ಯಾವ್ದು ವವ್ವಾಲ್ ಯಾವ್ದು ಗೊತ್ತಾಗಕ್ಕಿಲ್ವಾ?’

ತಮ್ಮ ಟವಲ್ಲು ಬಿಚ್ಚುತ್ತಾ ಇದ್ದ. ಬಾವಲಿಯನ್ನು ಗವಿಯ ಒಳಗೋಡೆಗೆ ತಾಗಿಸಿದ. ಅದು ಕಾಲಿನಿಂದ ಕಲ್ಲು ಹಿಡಿದು, ತಲೆಕೆಳಗಾಗಿ ನೇತಾಡಿ, ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಹಿಡಿತ ಬಿಟ್ಟು ಒಳಗಿನ ಕತ್ತಲೆಗೆ ಹಾರಿಹೋಯಿತು. ತಮ್ಮ ಕೈ ಒರೆಸಿಕೊಂಡ.

‘ಗೊತ್ತಾಗ್ದೆ ಏನಕ್ಕ,’ ಎಂದ. ‘ಅತ್ತೆ ಕೇಳಿದ್ದೇ ವವ್ವಾಲು. ನಂಗೂ ಅನುಮಾನ ಬಂತು, ಆವಾರಂಪೂನಾ ಅತ್ತೆ ಅಂದೆ. ಅಲ್ಲಪ್ಪ, ರೆಕ್ಕೆ ಇರ್ತೈತಲ್ಲ ಅದು ಅಂದ್ರು. ಅವ್ರು ಉಸ್ರಾಡಕ್ಕಾಗ್ದೆ ಕೂತ್ಕೊಂಡೇ ಮಲಗ್ತವ್ರೆ ತಂಬಿ, ನಂಗೆ ನೋಡಕ್ಕಾಗ್ತಿಲ್ಲ, ಸಾರಲ್ಲಿ ಕಲ್ಸಿ ಕೊಟ್ಬುಡ್ತೀನಿ, ಯಾರ್ಗೂ ಏಳ್ಬೇಡ ಅಂತ ಫೋನಲ್ಲೇ ಅತ್ರು. ನಾನೇನ್ ಮಾಡ್ಲಿ?’

‘ಮತ್ತೆ ಅಲ್ಲಿ ಯಾಕ್ಲಾ ಸುಮ್ನಿದ್ದೆ?’

‘ಅತ್ತೆ ಮುಖ ನೋಡ್ದೆ ಕಣಕ್ಕ. ನಾನು ಪೆದ್ದ ಅನ್ನಿಸ್ಕೊಂಡ್ರೆ ನಂದೇನ್ ಓಗ್ತದೆ.’

ಬೈದ ಬಾಯಿಯಿಂದ ಅವನನ್ನು ಹೊಗಳಲು ಬರುವುದಿಲ್ಲ ನನಗೆ. ಅವನ ತಲೆಗೆ ಮೆಲ್ಲಗೆ ಒಂದು ಮೊಟಕಿ, ‘ನಡಿ, ಅಮ್ಮ ಮುದ್ದೆ ಮಾಡಿರ್ತಾಳೆ’ ಎಂದೆ. ಗಂಡ ಯಾವುದಕ್ಕೆ ಉಸಿರು ಕೊಟ್ಟ ದೇವರೆಂದು ಕೈ ಮುಗಿಯುತ್ತಾನೋ, ಅವನ ಉಸಿರಿಗಾಗಿ ಅದನ್ನೇ ಕೊಲ್ಲಿಸಲು ಹೊರಟ ಹೆಂಡತಿ. ಅದು ಗೊತ್ತಾದರೆ ಮಾವ ಅತ್ತೆಯ ಕೈಯ ಅನ್ನ ಮುಟ್ಟುತ್ತಾರೋ ಇಲ್ಲವೋ ಎಂಬ ಭಯ ದಾರಿಯುದ್ದಕ್ಕೂ ಇತ್ತು.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಉರಿಗಾಂಗೆ ಬಂದೆ. ಅತ್ತೆ ನೀರು ಹಿಡಿಯಲು ಹೋಗಿದ್ದರು. ಕಷಾಯದ ಲೋಟವನ್ನು ನಾನೇ ಮಾವನ ಕೈಗೆ ಕೊಟ್ಟೆ.

‘ಬಿಟ್ಟಿದ್ದಾಯ್ತಾ?’

‘ಆಯ್ತು ಮಾವ. ಒಳಗೆ ಹಾರಿ ಹೋಯ್ತು.’

ಕಹಿಗೆ ಮುಖ ಕಿವಿಚಿ ಒಂದು ಗುಟುಕು ಕುಡಿದರು. ಆಮೇಲೆ ನಿಧಾನವಾಗಿ, ನಿಲ್ಲಿಸಿ ನಿಲ್ಲಿಸಿ ಹೇಳಿದರು. ‘ನಿನ್ನ ತಮ್ಮ ಒಳ್ಳೆಯವನು. ಸುಮ್ಸುಮ್ನೆ ಬೈಸ್ಕೊಂಡ.’ ನಾನು ಅವರ ಮುಖ ನೋಡಿದೆ. ‘ಹುಟ್ಟಿದಾಗಿಂದ ತಮಿಳು ಆಡೋಳು ನಿಮ್ಮತ್ತೆ. ಅವಳ ಬಾಯಲ್ಲಿ ಹೂವು ಬಾವಲಿ ಆಗತ್ತಾ?’ ಎಂದು ಲೋಟದೊಳಗೆ ನೋಡಿದರು. ‘ನಾನು ನಗದೆ ಇದ್ರೆ ಅವಳು ಅಲ್ಲೇ ಅತ್ತುಬಿಡೋಳು. ಹೇಳಬೇಡ ಅವಳಿಗೆ.’

ಹೇಳಲಿಲ್ಲ. ಮನೆಯಲ್ಲಿ ಅದು ತಮಾಷೆಯಾಗಿ ಬೆಳೆಯಿತು. ಹಬ್ಬಕ್ಕೆ, ನಾಮಕರಣಕ್ಕೆ, ನಾಲ್ಕು ಜನ ಸೇರಿದ ಕಡೆಯೆಲ್ಲ ಅತ್ತೆ ಅಭಿನಯ ಮಾಡಿ ಹೇಳುತ್ತಿದ್ದರು: ನಾನ್ ಆವಾರಂ ಅಂದ್ರೆ ಇವನು ವವ್ವಾಲ್ ತಂದ. ತಮ್ಮ ಕಿವಿ ತಿರುವಿಕೊಂಡು ಪೆದ್ದನಾಗುತ್ತಿದ್ದ. ಮಾವ ಮುಗುಳ್ನಗುತ್ತಾ ಕೂತಿರುತ್ತಿದ್ದರು. ಜೋರಾಗಿ ನಕ್ಕದ್ದು ಅದೊಂದೇ ದಿನ.

ಕಳೆದ ವರ್ಷ ಮಾವ ಹೋದರು. ಕೂತೇ ನಿದ್ದೆ ಹೋಗಿದ್ದರು, ಹಾಗೆಯೇ. ಈ ಸಂಕ್ರಾಂತಿಗೆ ಮನೆಯಲ್ಲಿ ಹಬ್ಬವಿರಲಿಲ್ಲ. ಅತ್ತೆಯವರಲ್ಲಿ ಪೊಂಗಲ್‌ಗೆ ಮುಂಚೆ ಬೇವಿನ ಸೊಪ್ಪಿನ ಜೊತೆ ತಂಗಡಿ ಹೂ ಸೇರಿಸಿ ಸೂರಿಗೆ ಸಿಕ್ಕಿಸುವ ಪದ್ಧತಿ, ಮನೆ ಕಾಯುತ್ತದೆಂದು. ಸೂತಕದ ವರ್ಷ ಅದೂ ಇಲ್ಲ. ಕಷಾಯ ಕುಡಿಯುವವರೂ ಇಲ್ಲ. ಆದರೂ ಅವತ್ತು ಸಂಜೆ ತಮ್ಮ ಚೀಲದ ತುಂಬ ಹೂ ತಂದ. ಕೈ ಅಭ್ಯಾಸವಾಗಿಬಿಟ್ಟಿದೆ ಅತ್ತೆ, ಎಂದು ಇಟ್ಟು ಹೋದ. ಅತ್ತೆ ಮಾವನ ಮಂಚದ ಮೇಲೆ ಕೂತು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡರು. ಸೂರಿನ ಸಂದಿಯಿಂದ ಒಂದು ಬಾವಲಿ ಹೊರಗೆ ಹಾರಿ ಗಣಿಯ ದಿಬ್ಬದ ಕಡೆ ಹೋಯಿತು.

‘ಅವತ್ತು ಅವನ ಕಿವಿ ತಪ್ಪಲಿಲ್ಲಮ್ಮ,’ ಎಂದರು ಅತ್ತೆ ಇದ್ದಕ್ಕಿದ್ದಂತೆ. ‘ನಾನು ಕೇಳಿದ್ದು ವವ್ವಾಲೇ. ಅವರಿಗೆ ಮೋಸ ಮಾಡೋಕೆ ಹೋದೆ. ಹೋಗೋ ಮುಂಚೆ ಹೇಳಬೇಕು ಅಂತ ಇದ್ದೆ, ಬಾಯಿ ಬರಲಿಲ್ಲ.’

ನನಗೆ ಇನ್ನು ಮುಚ್ಚಿಟ್ಟುಕೊಳ್ಳಲು ಆಗಲಿಲ್ಲ. ಮಾವ ಹೇಳಬೇಡ ಎಂದದ್ದು ಅತ್ತೆ ಅಳಬಾರದೆಂದು. ಈಗ ಹೇಳದಿದ್ದರೂ ಅವರು ಅಳುತ್ತಿದ್ದರು. ‘ಅವರಿಗೆ ಗೊತ್ತಿತ್ತು ಅತ್ತೆ,’ ಎಂದೆ. ‘ಆ ದಿನಾನೇ ಗೊತ್ತಿತ್ತು.’

ಅತ್ತೆ ಹೂವನ್ನು ಬೊಗಸೆಯಲ್ಲಿ ಎತ್ತಿ ಮತ್ತೆ ಚೀಲಕ್ಕೆ ಸುರಿದರು. ಆಮೇಲೆ ನನ್ನ ಕೈ ಹಿಡಿದುಕೊಂಡರು.

‘ಗೊತ್ತಿದ್ದೂ ಅಷ್ಟು ನಕ್ಕರಾ?’ ಎಂದರು. ‘ಅಷ್ಟೊಂದು ದಮ್ಮು ಎಲ್ಲಿತ್ತಮ್ಮ ಅವರಿಗೆ?’